ಉಗ್ರಾಣಕ್ಕೆ ಬಾಗಿಲು ಇಟ್ಟವರು

ಕ್ಲೌಡ್ ಸ್ಟೋರೇಜಿನ ಚರಿತ್ರೆಯನ್ನು ಯಾರೇ ಹೇಳಲಿ, ಅಮೆಜಾನ್ ಕಂಪನಿಯಿಂದ ಶುರು ಮಾಡಿ ಅಮೆಜಾನ್ ಕಂಪನಿಯಲ್ಲೇ ಮುಗಿಸುತ್ತಾರೆ. ನಾನು ಈ ಕಸುಬಿಗೆ ಬಂದದ್ದು 2007ರಲ್ಲಿ. ಬೇರೆಯವರ ಫೈಲುಗಳನ್ನು ದೂರದ ಯಂತ್ರಗಳಲ್ಲಿ ಇಡುವುದು, ಕೇಳಿದಾಗ ತೆಗೆದುಕೊಡುವುದು, ಒಂದು ಬೈಟೂ ಕೆಡದಂತೆ ನೋಡಿಕೊಳ್ಳುವುದು ಅಂದಿನಿಂದ ನನ್ನ ಅನ್ನದ ಕೆಲಸ. ಇಷ್ಟು ಕಾಲ ಹತ್ತಿರದಿಂದ ನೋಡಿದವಳಿಗೆ ಈ ಚರಿತ್ರೆ ಬೇರೆಯಾಗಿಯೇ ಕಾಣುತ್ತದೆ. ಉಗ್ರಾಣ ಕಟ್ಟಿದ್ದು ಆ ಕಂಪನಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಜನ ಒಳಗೆ ಹೋಗಿಬರುವಂತೆ ಅದಕ್ಕೆ ಬಾಗಿಲು ಇಟ್ಟವರು ಬೇರೆಯವರು: ಆ ಕಂಪನಿಯ ಸಂಬಳ ಪಡೆಯದ ಕೆಲವೇ ಮಂದಿ ಪ್ರೋಗ್ರಾಮರುಗಳು. ಕನ್ನಡದ ಹಳೆಯ ಪುಸ್ತಕಗಳು ಇವತ್ತು ಇಂಟರ್ನೆಟ್ಟಿನಲ್ಲಿ ಕೈಗೆ ಸಿಗುತ್ತಿರುವುದರಲ್ಲೂ ಅವರ ಪಾಲು ಇದೆ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

2006ರ ಮಾರ್ಚ್ 14ರಂದು ಅಮೆಜಾನ್ ‘ಸಿಂಪಲ್ ಸ್ಟೋರೇಜ್ ಸರ್ವೀಸ್’ ಅನ್ನು ಪ್ರಕಟಿಸಿತು. ಎಲ್ಲರೂ ಎಸ್3 ಎಂದೇ ಕರೆದರು. ತಿಂಗಳಿಗೆ ಒಂದು ಜಿಬಿ ಇಡಲು 15 ಸೆಂಟ್, ಒಂದು ಜಿಬಿ ಸಾಗಿಸಲು 20 ಸೆಂಟ್. ಒಂದು ಫೈಲು 1 ಬೈಟಿನಿಂದ 5 ಜಿಬಿವರೆಗೆ ಇರಬಹುದಿತ್ತು. ಡಿಸ್ಕ್ ಕೊಳ್ಳಬೇಕಿಲ್ಲ, ಮುಂಗಡ ಕೊಡಬೇಕಿಲ್ಲ. ಬಕೆಟ್ ಎಂಬ ಒಂದು ಹೆಸರು ಪಡೆದು, ಅದರೊಳಗೆ ಕೀ ಎಂಬ ಇನ್ನೊಂದು ಹೆಸರಿನಲ್ಲಿ ನಿಮ್ಮ ಫೈಲನ್ನು ಇಟ್ಟರೆ ಆಯಿತು. ಇಡು, ತೆಗೆ, ಪಟ್ಟಿ ಕೊಡು, ಅಳಿಸು. ಕೆಲಸವೆಲ್ಲ ಹೆಚ್ಚುಕಡಿಮೆ ಈ ನಾಲ್ಕೇ ಕ್ರಿಯಾಪದಗಳಲ್ಲಿ ಮುಗಿಯುತ್ತಿತ್ತು.

ಆ ನಾಲ್ಕಕ್ಕೆ ಇಳಿಸುವುದರ ಹಿಂದೆ ದೊಡ್ಡ ತ್ಯಾಗವಿತ್ತು. ಫೋಲ್ಡರಿನೊಳಗೆ ಫೋಲ್ಡರು, ಅದರೊಳಗೆ ಫೈಲು ಎಂಬ ಮರದಾಕಾರದ ವ್ಯವಸ್ಥೆ ಬಹಳ ಹಳೆಯದು. 1965ರಲ್ಲಿ ಮಲ್ಟಿಕ್ಸ್ ಎಂಬ ವ್ಯವಸ್ಥೆಗಾಗಿ ಡೇಲಿ ಮತ್ತು ನ್ಯೂಮನ್ ಬರೆದ ಪ್ರಬಂಧದಲ್ಲೇ ಅದು ಪೂರ್ಣ ರೂಪದಲ್ಲಿದೆ. ಯೂನಿಕ್ಸ್ ಅದನ್ನು ಮನೆಮನೆಗೆ ತಂದಿತು. 1984ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಅದನ್ನೇ ನೆಟ್‌ವರ್ಕಿನ ಮೇಲೆ ಹಾಸಿತು. ಒಂದು ಕಚೇರಿಯ ಮಟ್ಟಿಗೆ ಇದು ಸೊಗಸಾಗಿ ನಡೆಯುತ್ತದೆ. ಲಕ್ಷಾಂತರ ಜನ ಕೋಟ್ಯಂತರ ಫೈಲುಗಳನ್ನು ಒಟ್ಟಿಗೆ ಮುಟ್ಟತೊಡಗಿದರೆ ತೊಂದರೆ ಶುರು. ಒಬ್ಬ ಫೋಲ್ಡರಿನ ಹೆಸರು ಬದಲಿಸಿದರೆ ಅದರೊಳಗಿನ ಎಲ್ಲದರ ವಿಳಾಸವೂ ಬದಲಾಗಬೇಕು. ಇಬ್ಬರು ಒಂದೇ ಫೈಲಿಗೆ ಬರೆಯಹೊರಟರೆ ಬೀಗ ಬೇಕು, ಬೀಗ ಹಾಕಿದವನ ಯಂತ್ರ ನಡುವೆ ಕೆಟ್ಟು ನಿಂತರೆ ಬೀಗ ತೆಗೆಯಲು ಇನ್ನೊಬ್ಬ ಬೇಕು.

ಇದಕ್ಕೆ ಬೇರೆ ದಾರಿ ಹುಡುಕಿದವರಲ್ಲಿ ಮುಖ್ಯರು ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಗಾರ್ತ್ ಗಿಬ್ಸನ್ ಮತ್ತು ಅವರ ತಂಡ. 1990ರ ದಶಕದಲ್ಲಿ ಅವರು ಡಿಸ್ಕನ್ನೇ ಸ್ವಲ್ಪ ಬುದ್ಧಿವಂತನನ್ನಾಗಿ ಮಾಡಿ, ಬ್ಲಾಕುಗಳ ಬದಲು ‘ಆಬ್ಜೆಕ್ಟ್’ಗಳನ್ನು ಕೇಳುವಂತೆ, ಕೊಡುವಂತೆ ಮಾಡಿದರು. ಕೇಳಲು ಬಂದವನ ಕೈಯಲ್ಲಿ ಅನುಮತಿಯ ಗುರುತು ಇದೆಯೇ ಎಂದು ಡಿಸ್ಕೇ ಪರೀಕ್ಷಿಸುತ್ತಿತ್ತು. ಅದೇ ಗುಂಪಿನಲ್ಲಿ ಪಿಎಚ್‌ಡಿ ಮಾಡಿದ ಹೊವಾರ್ಡ್ ಗೊಬಿಯಾಫ್ ಮುಂದೆ ಗೂಗಲ್ ಸೇರಿ, 2003ರಲ್ಲಿ ಬಂದ ಗೂಗಲ್ ಫೈಲ್ ಸಿಸ್ಟಮ್ ಪ್ರಬಂಧದ ಮೂವರು ಲೇಖಕರಲ್ಲಿ ಒಬ್ಬರಾದರು. ಕಾರ್ನೆಗಿ ಮೆಲನ್ ಹೆಸರನ್ನು ನೆನಪಿಡಿ, ಕನ್ನಡದ ಪುಸ್ತಕಗಳ ಮಾತು ಬಂದಾಗ ಅದು ಮತ್ತೆ ಬರುತ್ತದೆ.

ಎಸ್3ಯಲ್ಲಿ ಫೋಲ್ಡರ್ ಇಲ್ಲ. ಹೆಸರು ಬದಲಿಸುವ ಕ್ರಿಯೆಯೂ ಇರಲಿಲ್ಲ, ಹೊಸ ಹೆಸರಿನಲ್ಲಿ ನಕಲು ಮಾಡಿ ಹಳೆಯದನ್ನು ಅಳಿಸಬೇಕಿತ್ತು. ಫೈಲಿನ ನಡುವೆ ಒಂದು ಸಾಲು ತಿದ್ದಲು ಬರುವುದಿಲ್ಲ, ಇಡೀ ಫೈಲನ್ನೇ ಮತ್ತೆ ಇಡಬೇಕು. ಧಾರವಾಡದ ಕಡೆಯ ನಿವೃತ್ತ ಅಧ್ಯಾಪಕರೊಬ್ಬರು ತಮ್ಮ ಸಂಗ್ರಹದ ಹಳೆಯ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಏರಿಸುವುದನ್ನು ನನ್ನಿಂದ ಕಲಿತರು. ಅವರ ಮೊದಲ ಪ್ರಶ್ನೆ ಇದೇ ಆಗಿತ್ತು: “ತಂಗಿ, ಫೋಲ್ಡರ್ ಎಲ್ಲೈತಿ? ನನಗ ಕಾಣವಲ್ದು.” ನಾನು ಹೇಳಿದೆ, “ಸರ್, ಫೋಲ್ಡರೇ ಇಲ್ಲ. ‘1924/ಜನವರಿ/ಪುಟ-7’ ಅನ್ನೋದು ಪೂರ್ತಿ ಒಂದೇ ಹೆಸರು. ನಡುವಿನ ಓರೆಗೆರೆ ಕೂಡ ಆ ಹೆಸರಿನ ಒಂದು ಅಕ್ಷರ.” ಅವರು ಸ್ವಲ್ಪ ಹೊತ್ತು ಪರದೆ ನೋಡಿ, “ಹಂಗಾದ್ರ ಹೆಸರು ಇಡೂ ಮುಂದ ವಿಚಾರ ಮಾಡಬೇಕು” ಎಂದರು. ಇಪ್ಪತ್ತು ವರ್ಷದ ಅನುಭವವಿರುವ ಇಂಜಿನಿಯರುಗಳಿಗೂ ಇದಕ್ಕಿಂತ ಒಳ್ಳೆಯ ಸಲಹೆ ಕೊಡಲು ಬರುವುದಿಲ್ಲ.

ನಾಲ್ಕೇ ಕ್ರಿಯಾಪದ ಎಂದೆನಲ್ಲ, ಆದರೆ ಅವನ್ನು ಆಡುವುದು ಸುಲಭವಿರಲಿಲ್ಲ. 2007ರಲ್ಲಿ ನಾನಿದ್ದದ್ದು ಜಯನಗರದ ಒಂದು ಪುಟ್ಟ ಕಂಪನಿಯಲ್ಲಿ. ಮದುವೆ ಫೋಟೋಗ್ರಾಫರುಗಳು ಡಿವಿಡಿಗಳಲ್ಲಿ ತಂದುಕೊಟ್ಟ ಚಿತ್ರಗಳನ್ನು ಅಮೆರಿಕದಲ್ಲಿರುವ ಮಕ್ಕಳು ಮೊಮ್ಮಕ್ಕಳು ನೋಡುವಂತೆ ಇಂಟರ್ನೆಟ್ಟಿಗೆ ಹಾಕುವುದು ನಮ್ಮ ವ್ಯಾಪಾರ. ಆಗ ನಮ್ಮ ದೇಶದಲ್ಲಿ 256 ಕೆಬಿಪಿಎಸ್ ಇದ್ದರೆ ಬ್ರಾಡ್‌ಬ್ಯಾಂಡ್ ಎಂದು ಕರೆಯಬಹುದೆಂದು 2004ರ ಸರ್ಕಾರಿ ನೀತಿ ಹೇಳುತ್ತಿತ್ತು. ಆ ಪೂರ್ತಿ ವೇಗ ಸಿಕ್ಕಿದರೂ 5 ಎಂಬಿಯ ಒಂದು ಚಿತ್ರ ಹೋಗಲು ಎರಡೂವರೆ ನಿಮಿಷ ಬೇಕು. ಅಷ್ಟು ಕಾದ ಮೇಲೆ ಆಚೆಯಿಂದ ಬರುತ್ತಿದ್ದ ಉತ್ತರ ಎಷ್ಟೋ ಸಲ ಒಂದೇ: ಸಹಿ ಹೊಂದುತ್ತಿಲ್ಲ.

ಪ್ರತಿ ಕೋರಿಕೆಗೂ ಸಹಿ ಬೇಕಿತ್ತು. ಕ್ರಿಯಾಪದ ಒಂದು ಸಾಲಿನಲ್ಲಿ, ಫೈಲು ಕೆಟ್ಟಿಲ್ಲವೆಂದು ನೋಡಲು ಬಳಸುವ ಎಂಡಿ5 ಎಂಬ ತಾಳೆ ಮೊತ್ತ ಮುಂದಿನ ಸಾಲಿನಲ್ಲಿ, ಫೈಲಿನ ಬಗೆ, ದಿನಾಂಕ ಒಂದೊಂದು ಸಾಲಿನಲ್ಲಿ. ಆಮೇಲೆ ಅಮೆಜಾನಿನದೇ ಆದ ಹೆಡರುಗಳು ಅಕಾರಾದಿಯಾಗಿ, ಕೊನೆಗೆ ಬಕೆಟ್ ಮತ್ತು ಕೀ. ಇಷ್ಟನ್ನೂ ಜೋಡಿಸಿ, ನಿಮ್ಮ ಗುಟ್ಟಿನ ಕೀಲಿ ಸೇರಿಸಿ ಎಚ್‌ಮ್ಯಾಕ್ ಎಂಬ ಲೆಕ್ಕ ಹಾಕಿ, ಬಂದದ್ದನ್ನು ಬೇಸ್64ಕ್ಕೆ ತಿರುಗಿಸಿ ಕಳಿಸಬೇಕು. ಎಂಡಿ5 ಕೊಡದಿದ್ದರೂ ಅದರ ಖಾಲಿ ಸಾಲು ಇರಲೇಬೇಕು. ಒಂದು ಸಾಲು ತಪ್ಪಿದರೆ ಎಲ್ಲವೂ ತಪ್ಪು. ಅದೂ ಸಾಲದೆಂಬಂತೆ, ನಿಮ್ಮ ಯಂತ್ರದ ಗಡಿಯಾರ ಅವರ ಗಡಿಯಾರಕ್ಕಿಂತ 15 ನಿಮಿಷಕ್ಕೂ ಹೆಚ್ಚು ಆಚೀಚೆ ಇದ್ದರೆ ಬಾಗಿಲಲ್ಲೇ ತಡೆ. ನಮ್ಮ ಆಫೀಸಿನ ಅಸೆಂಬಲ್ಡ್ ಕಂಪ್ಯೂಟರೊಂದರ ಮದರ್‌ಬೋರ್ಡ್ ಬ್ಯಾಟರಿ ಸತ್ತಿತ್ತು. ಲೋಡ್ ಶೆಡ್ಡಿಂಗ್ ಆಗಿ ಕರೆಂಟ್ ಬಂದಾಗಲೆಲ್ಲ ಅದು ಎಷ್ಟೋ ವರ್ಷ ಹಿಂದಿನ ಜನವರಿ 1ಕ್ಕೆ ಹೋಗಿ ನಿಲ್ಲುತ್ತಿತ್ತು. ಆಗ ಒಂದು ಚಿತ್ರವೂ ಏರುತ್ತಿರಲಿಲ್ಲ.

ಈ ಕಷ್ಟವನ್ನು ಎಲ್ಲರ ಪರವಾಗಿ ಒಮ್ಮೆ ಪಟ್ಟು ಮುಗಿಸಿದವರು ಲೈಬ್ರರಿಗಳನ್ನು, ಅಂದರೆ ಬೇರೆ ಪ್ರೋಗ್ರಾಮುಗಳು ಕರೆದು ಬಳಸಬಹುದಾದ ಸಿದ್ಧ ಕೋಡನ್ನು ಬರೆದವರು. 2006ರಲ್ಲೇ ಮಿಚ್ ಗಾರ್ನಾಟ್ ಪೈಥಾನಿನಲ್ಲಿ ‘ಬೋಟೊ’ ಶುರು ಮಾಡಿದರು. ಬೋಟೊ ಎಂದರೆ ಅಮೆಜಾನ್ ನದಿಯಲ್ಲಿ ಇರುವ ಸಿಹಿನೀರಿನ ಡಾಲ್ಫಿನ್. ಜೇಮ್ಸ್ ಮರ್ಟಿ ಜಾವಾದಲ್ಲಿ ‘ಜೆಟ್‌ಎಸ್3ಟಿ’ ಬರೆದರು. ರೂಬಿ ಭಾಷೆಯವರಿಗೆ ಮಾರ್ಸೆಲ್ ಮೊಲಿನಾ ಬರೆದುಕೊಟ್ಟರು. ಮಿಖಲ್ ಲುಡ್ವಿಗ್ ಅವರ ‘ಎಸ್3ಸಿಎಂಡಿ’ ಇದ್ದರೆ ಕೋಡ್ ಬರೆಯಲು ಬಾರದವರೂ ಟರ್ಮಿನಲ್ಲಿನಲ್ಲಿ ಒಂದು ಸಾಲು ಹೊಡೆದು ಕೆಲಸ ಮುಗಿಸಬಹುದಿತ್ತು. ಎಲ್ಲವೂ ಮುಕ್ತ ತಂತ್ರಾಂಶ. ಯಾರು ಬೇಕಾದರೂ ಬಳಸಬಹುದು, ತೆರೆದು ಓದಬಹುದು.

ನಾನು ಬೋಟೊದ ಕೋಡನ್ನು ಓದಿಯೇ ಈ ಕಸುಬು ಕಲಿತೆ. ಸಹಿ ಹಾಕುವುದು ಅದರ ಕೆಲಸದ ಒಂದು ಚೂರು ಮಾತ್ರ. ಆಚೆಯ ಯಂತ್ರ ಸ್ವಲ್ಪ ತೊಡಕಿನಲ್ಲಿದ್ದರೆ ತಕ್ಷಣ ಮತ್ತೆ ಕೇಳಬಾರದು. ಮೊದಲು ಸ್ವಲ್ಪ, ಆಮೇಲೆ ಅದರ ಎರಡರಷ್ಟು, ಆಮೇಲೆ ನಾಲ್ಕರಷ್ಟು ಹೊತ್ತು ಕಾದು ಕೇಳಬೇಕು. ಆ ಸಂಯಮ ಲೈಬ್ರರಿಯೊಳಗಿತ್ತು. ಪಟ್ಟಿ ಕೇಳಿದರೆ ಎಸ್3 ಒಂದು ಸಲಕ್ಕೆ 1000 ಹೆಸರಷ್ಟೇ ಕೊಡುತ್ತದೆ. ಮುಂದಿನ ಸಾವಿರ, ಅದರ ಮುಂದಿನ ಸಾವಿರವನ್ನು ಬೋಟೊ ತಾನಾಗಿಯೇ ತರುತ್ತಿತ್ತು, ಬರೆಯುವವನಿಗೆ ಒಂದು ಉದ್ದನೆಯ ಸಾಲಿನಂತೆ ಕಾಣುತ್ತಿತ್ತು. ಓರೆಗೆರೆಯ ಜಾಗದಲ್ಲಿ ಹೆಸರನ್ನು ಕತ್ತರಿಸಿ ಫೋಲ್ಡರಿನ ಭ್ರಮೆ ಹುಟ್ಟಿಸುತ್ತಿದ್ದದ್ದು ಇಂಥ ಲೈಬ್ರರಿಗಳು ಮತ್ತು ಅವುಗಳ ಮೇಲೆ ಕಟ್ಟಿದ ತಂತ್ರಾಂಶಗಳು.

ಕೈಯಿಂದ ಬರೆದ ಲೈಬ್ರರಿಯಲ್ಲಿ ಬರೆದವರ ತೀರ್ಮಾನಗಳೂ ಇರುತ್ತವೆ, ಅವುಗಳಿಗೆ ಬೆಲೆಯೂ ಇರುತ್ತದೆ. ಬೋಟೊದಲ್ಲಿ ಒಂದು ಬಕೆಟ್ಟನ್ನು ಹೆಸರು ಹೇಳಿ ತರಿಸಿಕೊಂಡರೆ, ಆ ಬಕೆಟ್ ನಿಜವಾಗಿ ಇದೆಯೇ ಎಂದು ಅದು ಸುಮ್ಮನೆ ಒಂದು ಪಟ್ಟಿ ಕೇಳಿ ನೋಡುತ್ತಿತ್ತು. 2007ರ ಜೂನಿನಿಂದ ಅಮೆಜಾನ್ ಕೋರಿಕೆಗಳಿಗೂ ದುಡ್ಡು ಹಾಕತೊಡಗಿತು: 10,000 ಸಲ ತೆಗೆದರೆ 1 ಸೆಂಟ್, ಆದರೆ 1000 ಸಲ ಇಟ್ಟರೆ ಅಥವಾ ಪಟ್ಟಿ ಕೇಳಿದರೆ 1 ಸೆಂಟ್. ಅಂದರೆ ಪಟ್ಟಿಗೆ ಹತ್ತು ಪಟ್ಟು ಬೆಲೆ. ಪ್ರತಿ ಚಿತ್ರಕ್ಕೂ ಬಕೆಟ್ಟನ್ನು ಹೊಸದಾಗಿ ಕರೆಯುವ ಪ್ರೋಗ್ರಾಮಿನಲ್ಲಿ ತಿಂಗಳ ಬಿಲ್ಲು ಎಲ್ಲಿಂದ ಬೆಳೆಯಿತೆಂದು ತಿಳಿಯಲು ಲೈಬ್ರರಿಯ ಒಳಗನ್ನೇ ಓದಬೇಕಿತ್ತು. ಓದಲು ಸಾಧ್ಯವಿತ್ತು ಎಂಬುದೇ ಅದರ ದೊಡ್ಡತನ.

2008ರ ಜುಲೈ 20ರಂದು ಎಸ್3 ಸುಮಾರು ಎಂಟು ಗಂಟೆ ನಿಂತುಹೋಯಿತು. ಅಮೆಜಾನ್ ಆಮೇಲೆ ಕಾರಣವನ್ನು ಬಿಡಿಸಿ ಬರೆಯಿತು. ಅದರ ಯಂತ್ರಗಳು ಪರಸ್ಪರ ಸ್ಥಿತಿಗತಿ ತಿಳಿಸಿಕೊಳ್ಳುತ್ತಿದ್ದ ಕೆಲವು ಸಂದೇಶಗಳಲ್ಲಿ ಒಂದೇ ಒಂದು ಬಿಟ್ ಕೆಟ್ಟಿತ್ತು. ಸಂದೇಶ ಓದಲು ಬರುತ್ತಿತ್ತು, ಆದರೆ ಅದು ಹೇಳುತ್ತಿದ್ದದ್ದು ಸುಳ್ಳು. ಆ ಸುಳ್ಳು ಯಂತ್ರದಿಂದ ಯಂತ್ರಕ್ಕೆ ಹಬ್ಬಿತು. ಗ್ರಾಹಕರ ಫೈಲುಗಳಿಗೆ ಎಂಡಿ5 ತಾಳೆ ನೋಡುತ್ತಿದ್ದರು, ಈ ಒಳಗಿನ ಸಂದೇಶಗಳಿಗೆ ನೋಡುತ್ತಿರಲಿಲ್ಲ. ಏರಿಸುವ ಮೊದಲು ಮೊತ್ತ ಹಾಕಿ, ಏರಿಸಿದ ಮೇಲೆ ತಾಳೆ ನೋಡುವ ಅಭ್ಯಾಸವನ್ನು ಈ ಕಸುಬಿನವರಲ್ಲಿ ಬಲಪಡಿಸಿದ ಘಟನೆ ಇದು.

ಈಗ ನನ್ನ ವಾದದ ಮುಖ್ಯ ಜಾಗಕ್ಕೆ ಬರುತ್ತೇನೆ. ಗೂಗಲ್ 2010ರ ಮೇ ತಿಂಗಳಲ್ಲಿ ತನ್ನದೇ ಸ್ಟೋರೇಜ್ ಸೇವೆ ತೆರೆಯಿತು. ಅದರ ಜೊತೆ ಕೊಟ್ಟ ‘ಜಿಎಸ್‌ಯುಟಿಲ್’ ಎಂಬ ಸಾಧನವನ್ನು ಕಟ್ಟಿದ್ದು ಬೋಟೊದ ಮೇಲೆಯೇ. ಎದುರಾಳಿಯ ಉಗ್ರಾಣಕ್ಕೆಂದು ಮಾಡಿದ ಬಾಗಿಲನ್ನು ಗೂಗಲ್‌ನಂಥ ಕಂಪನಿ ತನ್ನ ಉಗ್ರಾಣಕ್ಕೂ ಇಟ್ಟುಕೊಂಡಿತು. ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ಹುಟ್ಟಿದ ಯೂಕಲಿಪ್ಟಸ್ ಎಂಬ ಮುಕ್ತ ಕ್ಲೌಡ್ ತಂತ್ರಾಂಶ, ಸೇಜ್ ವೈಲ್ ಅವರ ಸೆಫ್ ಎಂಬ ಸ್ಟೋರೇಜ್ ತಂತ್ರಾಂಶ, ಎರಡೂ ಎಸ್3ಯ ಭಾಷೆಯನ್ನೇ ಆಡತೊಡಗಿದವು. ರ‍್ಯಾಕ್‌ಸ್ಪೇಸ್ ಮತ್ತು ನಾಸಾ 2010ರಲ್ಲಿ ಆರಂಭಿಸಿದ ಓಪನ್‌ಸ್ಟ್ಯಾಕ್‌ನ ಸ್ಟೋರೇಜ್ ಭಾಗವಾದ ಸ್ವಿಫ್ಟ್ ತನ್ನದೇ ಬೇರೆ ಭಾಷೆ ಇಟ್ಟುಕೊಂಡಿತ್ತು. ಕೊನೆಗೆ ಅದೂ ಎಸ್3 ಭಾಷೆಗೆ ಒಂದು ದುಭಾಷಿ ಪದರ ಸೇರಿಸಿಕೊಳ್ಳಬೇಕಾಯಿತು. ಮೈಕ್ರೋಸಾಫ್ಟ್ ಮಾತ್ರ ತನ್ನ ದಾರಿ ಬಿಡಲಿಲ್ಲ. ತನ್ನದೇ ಗ್ರಾಹಕರ ಬಲವಿದ್ದ ಕಂಪನಿಗೆ ಅದು ಸಾಧ್ಯವಾಯಿತು.

ಉಳಿದವರೆಲ್ಲ ಯಾಕೆ ಅನುಕರಿಸಿದರು? ಗ್ರಾಹಕರ ಪ್ರೋಗ್ರಾಮುಗಳಲ್ಲಿ ಆಗಲೇ ಬೋಟೊ ಇತ್ತು, ಜೆಟ್‌ಎಸ್3ಟಿ ಇತ್ತು, ಎಸ್3ಸಿಎಂಡಿ ಇತ್ತು. ಸರ್ವರಿನ ವಿಳಾಸದ ಒಂದು ಸಾಲು ಬದಲಿಸಿದರೆ ಹಳೆಯ ಪ್ರೋಗ್ರಾಮು ಹೊಸ ಉಗ್ರಾಣದಲ್ಲಿ ನಡೆಯುತ್ತಿತ್ತು. ಬೇರೆ ಭಾಷೆ ಕಲಿಯಿರಿ ಎಂದರೆ ಗ್ರಾಹಕ ಬರುತ್ತಿರಲಿಲ್ಲ. ಯಾವ ಮಾನಕ ಸಮಿತಿಯೂ ಎಸ್3 ಭಾಷೆಯನ್ನು ಲೋಕಮಾನ್ಯ ಮಾಡಲಿಲ್ಲ. ಮಾಡಿದ್ದು ಈ ಲೈಬ್ರರಿಗಳು.

ಇದರಲ್ಲಿ ಬೆಂಗಳೂರಿನ ಪಾಲೂ ಇದೆ. ಗ್ಲಸ್ಟರ್ ಎಂಬ ಕಂಪನಿಯ ಮುಖ್ಯ ಕಚೇರಿ ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿದ್ದರೂ ಇಂಜಿನಿಯರಿಂಗ್ ಕೇಂದ್ರ ಬೆಂಗಳೂರಿನಲ್ಲಿತ್ತು. ಸಾಮಾನ್ಯ ಸರ್ವರುಗಳನ್ನು ಸೇರಿಸಿ ಒಂದೇ ದೊಡ್ಡ ಫೈಲ್ ಸಿಸ್ಟಮ್ ಮಾಡುವ ಗ್ಲಸ್ಟರ್‌ಎಫ್‌ಎಸ್ ಬೆಳೆದದ್ದು ಇಲ್ಲಿನ ಹುಡುಗ ಹುಡುಗಿಯರ ಕೈಯಲ್ಲಿ. 2011ರಲ್ಲಿ ರೆಡ್ ಹ್ಯಾಟ್ ಅದನ್ನು ಕೊಂಡಿತು. ಅದರ ಸ್ಥಾಪಕರಲ್ಲೊಬ್ಬರಾದ ಆನಂದ್ ಬಾಬು ಪೆರಿಯಸ್ವಾಮಿ 2014ರಲ್ಲಿ ಹೊಸ ಕೆಲಸಕ್ಕೆ ಕೈಹಾಕಿದಾಗ ಫೈಲ್ ಸಿಸ್ಟಮ್ ದಾರಿಯನ್ನೇ ಬಿಟ್ಟರು. ಅವರು ಸಹಸ್ಥಾಪಕರೊಂದಿಗೆ ಕಟ್ಟಿದ ಮಿನಿಯೋ ಆಡಿದ್ದು ಎಸ್3 ಭಾಷೆಯನ್ನು. ಒಂದು ಹಳೆಯ ಕಂಪ್ಯೂಟರಿನಲ್ಲೂ ಅದನ್ನು ಹಾಕಿಕೊಂಡು ಸ್ವಂತ ಬಕೆಟ್ ಮಾಡಿಕೊಳ್ಳಬಹುದಾದ ಕಾರಣ, ಇಂಟರ್ನೆಟ್ ಸರಿಯಿಲ್ಲದ ಊರುಗಳ ಕಾಲೇಜು ಹುಡುಗರಿಗೆ ಈ ಕಸುಬನ್ನು ಕಲಿಸಲು ನಾನು ಅದನ್ನೇ ಬಳಸಿದ್ದೇನೆ.

ಈಗ ಪುಸ್ತಕಗಳ ಮಾತು. ಕಾರ್ನೆಗಿ ಮೆಲನ್‌ನ ಪ್ರೊ. ರಾಜ್ ರೆಡ್ಡಿ ಹತ್ತು ಲಕ್ಷ ಪುಸ್ತಕಗಳನ್ನು ಸ್ಕ್ಯಾನ್ ಮಾಡುವ ಕನಸು ಕಂಡರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎನ್. ಬಾಲಕೃಷ್ಣನ್ ಅದರ ಭಾರತದ ಭಾಗವನ್ನು ಮುನ್ನಡೆಸಿದರು. 2003ರಲ್ಲಿ ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾವನ್ನು ಉದ್ಘಾಟಿಸಿದರು. ಎಷ್ಟೋ ಕನ್ನಡ ಪುಸ್ತಕಗಳು ಮೊದಲ ಸಲ ಬೆಳಕಿನ ಕೆಳಗೆ ಬಂದದ್ದು ಅಲ್ಲಿ. ಆ ಕೆಲಸ ನಡೆಯದೇ ಇದ್ದಿದ್ದರೆ ಇವತ್ತು ನಾವು ಓದುತ್ತಿರುವ ಎಷ್ಟೋ ಹಳೆಯ ಮುದ್ರಣಗಳು ಕಪಾಟಿನಲ್ಲೇ ಪುಡಿಯಾಗುತ್ತಿದ್ದವು.

ಆದರೆ ಅದು ಎಸ್3ಗಿಂತ ಹಿಂದಿನ ಕಾಲದ ಕಟ್ಟಡ. ಪ್ರತಿ ಪುಟ ಒಂದೊಂದು ಟಿಫ್ ಚಿತ್ರ. ಹೆಸರು 00000001, 00000002 ಎಂದು ಎಂಟಂಕಿಯ ಸಂಖ್ಯೆ. ಸರ್ವರಿನ ಫೋಲ್ಡರುಗಳ ಆಳದಲ್ಲಿ ಪಿಟಿಫ್ ಎಂಬ ಫೋಲ್ಡರು, ಅದರೊಳಗೆ ಪುಟಗಳು. ಓದುಗ ಒಂದೊಂದೇ ಪುಟ ತಿರುವಬೇಕಿತ್ತು. ಪೂರ್ತಿ ಪುಸ್ತಕ ಬೇಕೆಂದವರು ಆ ಸಂಖ್ಯೆಗಳನ್ನು ಒಂದೊಂದಾಗಿ ಏರಿಸುತ್ತಾ ಪುಟ ಸೇರಿಸುವ ಪುಟ್ಟ ಪ್ರೋಗ್ರಾಮುಗಳನ್ನು ತಾವೇ ಬರೆದುಕೊಂಡರು. ಶೀರ್ಷಿಕೆಗಳನ್ನು ರೋಮನ್ ಅಕ್ಷರದಲ್ಲಿ ಕುಟ್ಟಿದ್ದರಿಂದ ಒಬ್ಬನೇ ಲೇಖಕ ನಾಲ್ಕಾರು ಹೆಸರುಗಳಲ್ಲಿ ಚದುರಿಹೋಗಿದ್ದ. ಉಗ್ರಾಣ ತುಂಬಿತ್ತು, ಪ್ರೋಗ್ರಾಮೊಂದು ಒಳಹೊಕ್ಕು ಕೇಳುವ ಬಾಗಿಲು ಇರಲಿಲ್ಲ.

2017ರಲ್ಲಿ ಮುಕ್ತ ಮಾಹಿತಿಯ ಹೋರಾಟಗಾರ ಕಾರ್ಲ್ ಮಲಮೂದ್ ಅವರ ಪ್ರಯತ್ನದಿಂದ ಅಲ್ಲಿನ 4 ಲಕ್ಷಕ್ಕೂ ಹೆಚ್ಚು ಪುಸ್ತಕಗಳ ನಕಲು ಇಂಟರ್ನೆಟ್ ಆರ್ಕೈವ್ ಸೇರಿತು. ಅಲ್ಲಿ ಅವುಗಳ ಗುರುತು ಇವತ್ತಿಗೂ ಹಳೆಯ ಸರ್ವರಿನ ಹೆಸರನ್ನೇ ಹೊತ್ತಿದೆ: ಅರ್ನೆಟ್, ಡಿಎಲ್‌ಐ, 2015, ಕೊನೆಗೆ ಒಂದು ಸಂಖ್ಯೆ. ಬ್ರೂಸ್ಟರ್ ಕಾಲ್ 1996ರಲ್ಲಿ ಸ್ಥಾಪಿಸಿದ ಈ ಆರ್ಕೈವ್ ಅಮೆಜಾನಿನ ಗ್ರಾಹಕ ಅಲ್ಲ, ತನ್ನದೇ ಯಂತ್ರಗಳಲ್ಲಿ ಇಡುತ್ತದೆ. ಆದರೂ ಏರಿಸುವವರಿಗೆ ಅದು ಇಟ್ಟಿರುವ ಬಾಗಿಲು ಎಸ್3ಯ ಅಳತೆಯದೇ. ಒಂದು ಪುಸ್ತಕ ಒಂದು ಬಕೆಟ್, ಅದರ ಪಿಡಿಎಫ್ ಒಂದು ಕೀ. ಅದಕ್ಕೆಂದೇ ‘ಇಂಟರ್ನೆಟ್‌ಆರ್ಕೈವ್’ ಎಂಬ ಪೈಥಾನ್ ಲೈಬ್ರರಿ ಇದೆ, ಅದರ ಆಜ್ಞೆಯ ಹೆಸರು ‘ಐಎ’. ಒಂದು ಹಾಳೆಯಲ್ಲಿ ಪುಸ್ತಕಗಳ ಹೆಸರು, ಲೇಖಕ, ವರ್ಷ ಬರೆದುಕೊಟ್ಟರೆ ಸಾಲುಸಾಲಾಗಿ ಏರಿಸುತ್ತದೆ. ಬೆಂಗಳೂರಿನ ಸರ್ವೆಂಟ್ಸ್ ಆಫ್ ನಾಲೆಡ್ಜ್ ಬಳಗದವರು ಸ್ಕ್ಯಾನ್ ಮಾಡಿದ ಕನ್ನಡ ಪುಸ್ತಕಗಳೂ ಇದೇ ಆರ್ಕೈವ್ ಸೇರುತ್ತಿವೆ. 2020ರಲ್ಲಿ ಆರ್ಕೈವ್ ಅಕ್ಷರ ಗುರುತಿಸುವ ಕೆಲಸಕ್ಕೆ ಟೆಸರಾಕ್ಟ್ ಎಂಬ ಮುಕ್ತ ತಂತ್ರಾಂಶ ಹಿಡಿಯಿತು. ಅದಕ್ಕೆ ಕನ್ನಡ ಓದಲು ಬರುವ ಕಾರಣ, ಏರಿಸಿದ ಪುಸ್ತಕದೊಳಗೆ ಕನ್ನಡ ಪದ ಹುಡುಕುವುದೂ ಸಾಧ್ಯವಾಯಿತು.

ಕನ್ನಡದ ಫೈಲುಗಳನ್ನು ಏರಿಸುವವರಿಗೆ ಬೇರೆಯವರಿಗಿಲ್ಲದ ಕೆಲವು ತೊಡಕುಗಳಿವೆ. ನಾನು ಹೆಚ್ಚು ಹೊತ್ತು ಕಳೆದಿರುವುದು ಇಲ್ಲೇ. ಫೈಲಿನ ಜೊತೆ ಹೋಗುವ ಶೀರ್ಷಿಕೆ, ಲೇಖಕರ ಹೆಸರು ಮುಂತಾದವು ಎಚ್‌ಟಿಟಿಪಿ ಹೆಡರುಗಳಲ್ಲಿ ಹೋಗುತ್ತವೆ. ಹೆಡರಿನಲ್ಲಿ ಕನ್ನಡ ಅಕ್ಷರ ನೇರವಾಗಿ ಹೋಗುವಂತಿಲ್ಲ. ಬೋಟೊದ ಹೊಸ ಅವತಾರವಾದ ಬೋಟೊ3ಕ್ಕೆ ಮೆಟಾಡೇಟಾ ಎನ್ನುವ ಈ ವಿವರಗಳಲ್ಲಿ ಕನ್ನಡ ಕೊಟ್ಟರೆ ಅದು ಕಳಿಸುವ ಮೊದಲೇ ನಿರಾಕರಿಸುತ್ತದೆ. ಆರ್ಕೈವಿನ ಲೈಬ್ರರಿ ಬರೆದವರು ಇದಕ್ಕೆ ಪರಿಹಾರ ಇಟ್ಟಿದ್ದಾರೆ: ಅಕ್ಷರದ ಪ್ರತಿ ಬೈಟನ್ನೂ ಶೇಕಡಾ ಚಿಹ್ನೆಯ ರೂಪಕ್ಕೆ ತಿರುಗಿಸಿ ಕಳಿಸುತ್ತದೆ, ಆಚೆ ಬಿಡಿಸಿಕೊಳ್ಳುತ್ತಾರೆ. ‘ಕ’ ಎಂಬ ಒಂದು ಅಕ್ಷರ ಯುಟಿಎಫ್-8ರಲ್ಲಿ 3 ಬೈಟು, ಹೀಗೆ ತಿರುಗಿಸಿದಾಗ 9 ಅಕ್ಷರ. ಏರಿಸುವ ಅಧ್ಯಾಪಕರಿಗೆ ಇದು ಯಾವುದೂ ತಿಳಿಯಬೇಕಿಲ್ಲ. ಅವರು ಕನ್ನಡದಲ್ಲಿ ಹೆಸರು ಬರೆಯುತ್ತಾರೆ, ಪುಟದಲ್ಲಿ ಕನ್ನಡದಲ್ಲೇ ಕಾಣುತ್ತದೆ.

ಎಸ್3ಯ ಕೀಯಲ್ಲಿ ಕನ್ನಡ ಬರೆಯಬಹುದು. ಕೀಯ ಮಿತಿ 1024 ಬೈಟು, ಅಂದರೆ ಕನ್ನಡದಲ್ಲಿ 341 ಸಂಕೇತಗಳು. ಸಾಕಷ್ಟಾಯಿತು. ಆದರೆ ಅಪಾಯ ಬೇರೆಡೆ ಇದೆ. ‘ಕೀ’ ಎಂಬ ಅಕ್ಷರ ಬರೆಯುವಾಗ ದೀರ್ಘದ ಗುರುತನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಗುಡಿಸು ಮತ್ತು ದೀರ್ಘ ಎಂದು ಎರಡಾಗಿ ಒಡೆದೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಆಪಲ್ ಕಂಪ್ಯೂಟರುಗಳ ಹಳೆಯ ಫೈಲ್ ಸಿಸ್ಟಮ್ ಫೈಲಿನ ಹೆಸರನ್ನು ಒಡೆದೇ ಇಡುತ್ತಿತ್ತು. ಲಿನಕ್ಸಿನಲ್ಲಿ ನೀವು ಕುಟ್ಟಿದ ಹಾಗೆ ಇರುತ್ತದೆ. ಎಸ್3 ಬೈಟುಗಳನ್ನು ಹೋಲಿಸುತ್ತದೆ, ಅಕ್ಷರಗಳನ್ನಲ್ಲ. ಹೀಗಾಗಿ ಒಂದೇ ಪುಸ್ತಕ ಎರಡು ಕಂಪ್ಯೂಟರುಗಳಿಂದ ಏರಿದರೆ, ಪಟ್ಟಿಯಲ್ಲಿ ಒಂದೇ ಹೆಸರು ಎರಡು ಸಲ ಕಾಣುತ್ತದೆ, ಒಂದನ್ನು ಅಳಿಸಿದರೆ ಇನ್ನೊಂದು ಉಳಿಯುತ್ತದೆ. ಏರಿಸುವ ಮೊದಲು ಹೆಸರನ್ನು ಒಂದೇ ರೂಪಕ್ಕೆ ತರುವ ಒಂದು ಸಾಲು ಪೈಥಾನಿನಲ್ಲಿದೆ. ಕನ್ನಡದ ಕೆಲಸ ಮಾಡುವ ಪ್ರತಿ ತಂಡವೂ ಅದನ್ನು ಕಡ್ಡಾಯ ಮಾಡಬೇಕು.

2010ರಲ್ಲಿ ಎಸ್3ಯ ಫೈಲ್ ಮಿತಿ 5 ಜಿಬಿಯಿಂದ 5 ಟಿಬಿಗೆ ಏರಿತು, ದೊಡ್ಡ ಫೈಲನ್ನು ತುಂಡುಮಾಡಿ ಕಳಿಸುವ ವಿಧಾನವೂ ಬಂತು. 2015ರಲ್ಲಿ ಬಂದ ಬೋಟೊ3, 8 ಎಂಬಿ ದಾಟಿದ ಫೈಲನ್ನು ತಾನೇ ತುಂಡರಿಸಿ, ಹತ್ತು ಕೈಗಳಿಂದ ಒಟ್ಟಿಗೆ ಏರಿಸುತ್ತದೆ. 200 ಎಂಬಿಯ ಪುಸ್ತಕ 25 ತುಂಡಾಗುತ್ತದೆ. ನಡುವೆ ಲೈನ್ ಕಡಿದರೆ ಹೋಗದ ತುಂಡನ್ನಷ್ಟೇ ಮತ್ತೆ ಕಳಿಸುತ್ತದೆ. ಜಯನಗರದ ಆ ದಿನಗಳಲ್ಲಿ ಇದು ಇದ್ದಿದ್ದರೆ ಎಷ್ಟು ಮದುವೆಯ ಚಿತ್ರಗಳು ಹೊತ್ತಿಗೆ ಸರಿಯಾಗಿ ತಲುಪುತ್ತಿದ್ದವು! ಒಂದು ಎಚ್ಚರ ಮಾತ್ರ ಬೇಕು: ಹೀಗೆ ಏರಿದ ಫೈಲಿಗೆ ಎಸ್3 ಹಚ್ಚುವ ಈಟ್ಯಾಗ್ ಎಂಬ ಗುರುತು ಇಡೀ ಫೈಲಿನ ಎಂಡಿ5 ಆಗಿರುವುದಿಲ್ಲ. ತುಂಡುಗಳ ಮೊತ್ತಗಳ ಮೊತ್ತ ಅದು, ಕೊನೆಯಲ್ಲಿ ಅಡ್ಡಗೆರೆ ಹಾಕಿ 25 ಎಂದಿರುತ್ತದೆ. ಅದನ್ನು ನಿಮ್ಮ ಎಂಡಿ5 ಜೊತೆ ಹೋಲಿಸಿ ಫೈಲು ಕೆಟ್ಟಿದೆ ಎಂದು ಗಾಬರಿಯಾಗಬೇಡಿ.

ಬೋಟೊ3 ಬರುವ ಹೊತ್ತಿಗೆ ಗಾರ್ನಾಟ್ ಅಮೆಜಾನ್ ಸೇರಿ ಆಗಿತ್ತು, ಲೈಬ್ರರಿ ಅಮೆಜಾನಿನದಾಗಿತ್ತು. ಹೊಸದನ್ನು ಹೆಚ್ಚಾಗಿ ಕೈಯಿಂದ ಬರೆದಿಲ್ಲ. ಪ್ರತಿ ಸೇವೆಯ ವಿವರ ಒಂದು ಜೇಸನ್ ಫೈಲಿನಲ್ಲಿರುತ್ತದೆ, ಅದರಿಂದ ಕ್ರಿಯೆಗಳು ತಾವಾಗಿ ಹುಟ್ಟುತ್ತವೆ. ನೂರಾರು ಸೇವೆಗಳಿಗೆ ಬೇರೆ ದಾರಿಯಿಲ್ಲ, ಒಪ್ಪುತ್ತೇನೆ. ಆದರೆ ಹಳೆಯ ಬೋಟೊವನ್ನು ಓದಿ ಒಬ್ಬಳು ಕಸುಬು ಕಲಿಯಬಹುದಿತ್ತು. ಬೋಟೊ3ವನ್ನು ಓದಿ ಕಲಿಯುವುದು ಬಹಳ ಕಷ್ಟ. ಇದು ನನಗೆ ನಿಜವಾದ ನಷ್ಟವಾಗಿ ಕಾಣುತ್ತದೆ.

2016ರ ಜೂನಿನಲ್ಲಿ ಮುಂಬಯಿಯಲ್ಲಿ ಅಮೆಜಾನಿನ ಡೇಟಾ ಕೇಂದ್ರ ತೆರೆಯಿತು. ಅದಕ್ಕೆ ಮೊದಲು ನಮಗೆ ಹತ್ತಿರದ್ದೆಂದರೆ 2010ರಲ್ಲಿ ಬಂದ ಸಿಂಗಪುರ. 2014ರ ಜನವರಿಯ ನಂತರ ತೆರೆದ ಕೇಂದ್ರಗಳು ಹಳೆಯ ಸಹಿಯನ್ನು ಒಪ್ಪುತ್ತಿರಲಿಲ್ಲ, ನಾಲ್ಕನೇ ಆವೃತ್ತಿಯ ಸಹಿಯೇ ಬೇಕು. ಹಾಗಾಗಿ ಮನೆಯ ಹತ್ತಿರ ಉಗ್ರಾಣ ಬಂದರೂ ಹಳೆಯ ಲೈಬ್ರರಿ ಇಟ್ಟುಕೊಂಡವರಿಗೆ ಮುಂಬಯಿಯ ಬಾಗಿಲು ತೆರೆಯಲಿಲ್ಲ. ಲೈಬ್ರರಿ ಬದಲಿಸಿಕೊಂಡ ಮೇಲೆ ತೆರೆಯಿತು.

2020ರ ಡಿಸೆಂಬರಿನವರೆಗೆ ಎಸ್3ಯಲ್ಲಿ ಇನ್ನೊಂದು ತೊಡಕಿತ್ತು. ಇದ್ದ ಫೈಲಿನ ಮೇಲೆ ಹೊಸದನ್ನು ಇಟ್ಟು ತಕ್ಷಣ ಕೇಳಿದರೆ ಹಳೆಯದೇ ಬರಬಹುದಿತ್ತು. ಈಗಷ್ಟೇ ಇಟ್ಟದ್ದು ಪಟ್ಟಿಯಲ್ಲಿ ಕಾಣದೆಯೂ ಇರಬಹುದಿತ್ತು. ಇದನ್ನು ಸಂಭಾಳಿಸಲು ನೆಟ್‌ಫ್ಲಿಕ್ಸ್ ಒಂದು ಪದರ ಬರೆಯಿತು, ದೊಡ್ಡ ದತ್ತಾಂಶಗಳನ್ನು ಸಂಸ್ಕರಿಸುವ ಹಡೂಪ್ ಎಂಬ ಮುಕ್ತ ತಂತ್ರಾಂಶದ ಬಳಗ ಇನ್ನೊಂದು ಬರೆಯಿತು. ಡಿಸೆಂಬರಿನಲ್ಲಿ ಅಮೆಜಾನ್ ಈ ದೋಷವನ್ನೇ ತೆಗೆದುಹಾಕಿತು. ಆ ಪದರಗಳ ಅಗತ್ಯವೇ ತೀರಿತು.

2025ರ ಜನವರಿಯಲ್ಲಿ ಬೋಟೊ3ರ 1.36 ಆವೃತ್ತಿ ಬಂತು. ಪ್ರತಿ ಏರಿಕೆಗೂ ಹೊಸ ಬಗೆಯ ತಾಳೆ ಮೊತ್ತವನ್ನು ಅದು ತಾನಾಗಿ ಸೇರಿಸತೊಡಗಿತು. ಅಮೆಜಾನಿನ ಎಸ್3ಗೆ ಒಳ್ಳೆಯದೇ. ಆದರೆ ಎಸ್3 ಭಾಷೆ ಆಡುವ ಬೇರೆ ಎಷ್ಟೋ ಉಗ್ರಾಣಗಳಿಗೆ ಆ ಹೊಸ ಮಾತು ಗೊತ್ತಿರಲಿಲ್ಲ. ನಿನ್ನೆಯವರೆಗೆ ನಡೆಯುತ್ತಿದ್ದ ಪ್ರೋಗ್ರಾಮುಗಳು ಲೈಬ್ರರಿ ಹೊಸದಾದ ಕೂಡಲೇ ನಿಂತವು. ಹಳೆಯ ನಡವಳಿಕೆಗೆ ಮರಳುವ ಒಂದು ಆಯ್ಕೆ ಇತ್ತು, ಅದನ್ನು ಹುಡುಕಿ ಹಾಕಬೇಕಾಯಿತು. ಹೊರಗಿನವರು ಇಟ್ಟ ಬಾಗಿಲು ಉಗ್ರಾಣದ ಒಡೆಯರ ಕೈಗೆ ಹೋದಾಗ ಏನಾಗುತ್ತದೆಂದು ಅಂದು ಎಲ್ಲರಿಗೂ ಗೊತ್ತಾಯಿತು. ಲೈಬ್ರರಿಯನ್ನು ಯಾರು ನೋಡಿಕೊಳ್ಳುತ್ತಾರೋ ಭಾಷೆ ಅವರದು.

ಆದ್ದರಿಂದ ನಮ್ಮ ವಿಶ್ವವಿದ್ಯಾಲಯಗಳಿಗೆ, ಪ್ರಸಾರಾಂಗಗಳಿಗೆ, ಅಕಾಡೆಮಿಗಳಿಗೆ ನನ್ನದೊಂದು ವಿನಂತಿ. ಪುಸ್ತಕಗಳನ್ನು ಡಿಜಿಟಲ್ ಮಾಡಿಸುವ ಟೆಂಡರಿನಲ್ಲಿ ಚೆಂದದ ವೆಬ್‌ಸೈಟು, ಪುಟ ತಿರುವುವ ಸಾಧನ ಇಷ್ಟನ್ನೇ ಕೇಳಬೇಡಿ. ಎಸ್3 ಭಾಷೆಯಲ್ಲಿ ಇಡಲು, ತೆಗೆಯಲು, ಪಟ್ಟಿ ಪಡೆಯಲು ಬರುವ ಬಾಗಿಲು ಬೇಕು, ಅದಕ್ಕೆ ಮುಕ್ತ ಲೈಬ್ರರಿ ಸಾಕಾಗಬೇಕು, ಪ್ರತಿ ಫೈಲಿನ ತಾಳೆ ಮೊತ್ತದ ಪಟ್ಟಿ ನಮ್ಮ ಕೈಗೆ ಬರಬೇಕು ಎಂದು ಬರೆಯಿರಿ. ಗುತ್ತಿಗೆದಾರ ಹೋದರೂ ಪುಸ್ತಕ ಉಳಿಯುತ್ತದೆ.

ಓದುಗರಿಗೂ ಒಂದು ಮಾತು. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಮಂಜೇಶ್ವರದ ಗೋವಿಂದ ಪೈಗಳು 1963ರಲ್ಲಿ ತೀರಿಕೊಂಡರು. ಅವರು ಬದುಕಿದ್ದಾಗ ಅಚ್ಚಾದ ಬರಹಗಳು 2024ರ ಜನವರಿ 1ರಿಂದ ಎಲ್ಲರವು. ಅಂಥ ಹಳೆಯ ಮುದ್ರಣ ನಿಮ್ಮ ಮನೆಯ ಅಟ್ಟದ ಮೇಲಿದ್ದರೆ ಸ್ಕ್ಯಾನ್ ಮಾಡಿ, ಹೆಸರನ್ನು ಯೋಚಿಸಿ ಇಡಿ, ಎಂಡಿ5 ಬರೆದಿಟ್ಟುಕೊಂಡು ಏರಿಸಿ.